ಕಕ್ಕೆ ಬೀಜಕ್ಕೆ ಮರಳಿನ ಬಿಸಿ: ನನ್ನ ಅನುಭವ

ಹಳದಿ ಹೂಗೊಂಚಲಿನ ಕಕ್ಕೆ ಮರದ ಬೀಜಕ್ಕೆ ನೀರು ಒಳಗೆ ಬಿಡದಷ್ಟು ಗಟ್ಟಿ ಸಿಪ್ಪೆ; ಅದನ್ನು ಸಡಿಲಿಸಲು ಆಸಿಡ್‌ನಲ್ಲಿ ನೆನೆಸುವುದುಂಟು. ಆಸಿಡ್ ಮುಟ್ಟಿಸದೆ ಬಿಸಿ ಮರಳಲ್ಲೇ ಅದನ್ನು ಎಬ್ಬಿಸಬಹುದು ಎಂದಾಗ ಉಡುಪಿ ಕಡೆಯ ನರ್ಸರಿಯವರು ಯಾರೂ ಒಪ್ಪಲಿಲ್ಲ. "ಹುರಿದ ಬೀಜ ಮೊಳೆಯುವುದುಂಟಾ ಮಾರಾಯ್ರೆ?" ಎಂದವರೇ ಹೆಚ್ಚು. ಈಗ ನೂರಕ್ಕೆ ಎಪ್ಪತ್ತರ ಆಸುಪಾಸು ಏಳುತ್ತಿದೆ. ಹಾಗೇ ಬಿತ್ತಿದರೆ ಹತ್ತು ಹದಿನೈದು ಬಂದರೆ ಪುಣ್ಯ. ಮಣ್ಣು, ಗೊಬ್ಬರ, ಕೂಲಿ ಸೇರಿ ಗಿಡ ಎಬ್ಬಿಸುವ ಒಂದು ತೊಟ್ಟೆಗೆ (ಪ್ಲಾಸ್ಟಿಕ್ ಚೀಲಕ್ಕೆ) ಏಳೆಂಟು ರೂಪಾಯಿ ಬೀಳುತ್ತದೆ. ಮಳೆಗಾಲವಿಡೀ ಖಾಲಿ ತೊಟ್ಟೆಯಲ್ಲಿ ಕಳೆ ಕೀಳುವ ಕೂಲಿ ಬೇರೆ. ನಷ್ಟ ಆಗುವುದು ಬೀಜದಲ್ಲಲ್ಲ, ಈ ಖಾಲಿ ತೊಟ್ಟೆಗಳಲ್ಲಿ.

ಕೋಡು ಪೂರ್ತಿ ಕಪ್ಪಾದ ಮೇಲೆ ಜಜ್ಜಿ, ಅಂಟು ತೊಳೆದು, ಬೀಜವನ್ನು ವಾರಗಟ್ಟಲೆ ಬಿಸಿಲಲ್ಲಿ ಒಣಗಿಸಬೇಕು. ಇಲ್ಲಿ ಅವಸರ ಮಾಡಿದರೆ ಎಲ್ಲವೂ ಹೋಯಿತು. ಒಣ ಬೀಜ 90 ಡಿಗ್ರಿ ತಡೆಯುತ್ತದೆ. ತೇವ ಉಳಿದ ಬೀಜ ಅದಕ್ಕಿಂತ ಎಷ್ಟೋ ಕಡಿಮೆ ಬಿಸಿಗೇ ಒಳಗೊಳಗೆ ಬೇಯುತ್ತದೆ. ಹುಳ ಕೊರೆದ ತೂತಿರುವುದನ್ನು ಆರಿಸಿ ಬಿಸಾಡಿ. ಕಿಲೋಗೆ ಆರು ಸಾವಿರದಷ್ಟು ಬೀಜ ಬರುವುದರಿಂದ ಕೈ ಬಿಗಿ ಮಾಡುವುದು ಬೇಡ.

ಅಗಲ ಬಾಣಲೆಗೆ ಜರಡಿ ಹಿಡಿದ ಹೊಳೆ ಮರಳು ಐದು ಕಿಲೋ, ಬೀಜ ಕಾಲು ಕಿಲೋ. ಇದಕ್ಕಿಂತ ಹೆಚ್ಚು ಬೀಜ ಸುರಿದರೆ ಮರಳು ತಟ್ಟನೆ ತಣಿಯುತ್ತದೆ. ಮಡಲಿನ (ತೆಂಗಿನ ಗರಿಯ) ಬೆಂಕಿ ಏರಿಳಿಯುತ್ತದೆ, ಗೆರಟೆಯ (ತೆಂಗಿನ ಚಿಪ್ಪಿನ) ಕೆಂಡವೇ ಆಗಬೇಕು. ಮುನ್ನೂರು ರೂಪಾಯಿಯ ಡಿಜಿಟಲ್ ಥರ್ಮಾಮೀಟರ್ ಸಾಕು. ಅದರ ಮೊನೆ ಬಾಣಲೆಯ ತಳಕ್ಕೆ ತಾಗದೆ ಬೀಜ ಇರುವ ಮಟ್ಟದಲ್ಲೇ ಇರಲಿ; ತಳದಲ್ಲಿ ಮೂವತ್ತು ನಲವತ್ತು ಡಿಗ್ರಿ ಹೆಚ್ಚಿರುವುದುಂಟು. ಮರಳು 95ಕ್ಕೆ ಬಂದಾಗ ಬೀಜ ಹಾಕಿ, 85ರಿಂದ 90ರ ನಡುವೆ ಹತ್ತು ನಿಮಿಷ ಕೈ ಬಿಡದೆ ತಿರುವಬೇಕು. 110 ದಾಟಿದರೆ ಸಿಪ್ಪೆ ಬಿರಿಯುತ್ತದೆ, ನೀರಲ್ಲಿ ಉಬ್ಬುತ್ತದೆ, ಆದರೆ ಮೊಳಕೆಯ ಬದಲು ಕೊಳೆತ ವಾಸನೆ ಬರುತ್ತದೆ. ಬಿಸಿ ಒಂದೇ ಮಟ್ಟದಲ್ಲಿ ಉಳಿಯಲು ಮರಳಿಗೆ ನಾನು ಇನ್ನೊಂದು ವಸ್ತು ಸೇರಿಸುತ್ತೇನೆ, ಅದು ಸದ್ಯಕ್ಕೆ ನನ್ನಲ್ಲೇ ಇರಲಿ.

ಜರಡಿ ಹಿಡಿದು, ಗೋಣಿಯ ಮೇಲೆ ತಣಿಯಲು ಹರಡಿ, ರಾತ್ರಿಯಿಡೀ ನೀರಲ್ಲಿಡಿ. ಬೆಳಿಗ್ಗೆ ಉಬ್ಬಿದ್ದನ್ನು ಮಾತ್ರ ಒಂದು ಸೆಂಟಿಮೀಟರ್ ಆಳಕ್ಕೆ ಊರಿ. ಉಬ್ಬದೇ ಉಳಿದದ್ದನ್ನು ಮತ್ತೆ ಮೂರ್ನಾಲ್ಕು ದಿನ ಒಣಗಿಸಿ ಎರಡನೇ ಸಲ ಬಾಣಲೆಗೆ ಹಾಕಬಹುದು. ಹೊರಮೈ ಒದ್ದೆಯಿದ್ದಾಗಲೇ ಹಾಕಬೇಡಿ. ಪತ್ತನಾಜೆಯ (ತುಳುನಾಡಿನಲ್ಲಿ ಮೇ ಕೊನೆಯ ವಾರದ ಸುಮಾರಿಗೆ ಬರುವ ದಿನ) ಹೊತ್ತಿಗೆ ಈ ಕೆಲಸ ಮುಗಿದರೆ ಮಳೆ ಹಿಡಿಯುವಾಗ ಗಿಡ ಎರಡೆಲೆ ಬಿಟ್ಟಿರುತ್ತದೆ.

ಸುಡುಮಣ್ಣಿನ (ಸೊಪ್ಪು ಕಸದೊಂದಿಗೆ ಮಣ್ಣು ಸುಡುವ) ರಾಶಿಯ ಅಡಿಯಲ್ಲೂ ಬೀಜ ಹೂತು ನೋಡಿದ್ದೇನೆ. ಅರ್ಧ ಇಂಚಿನಲ್ಲಿದ್ದದ್ದು ಕರಕಲು. ನಾಲ್ಕು ಇಂಚಿನಲ್ಲಿದ್ದದ್ದಕ್ಕೆ ಬಿಸಿ ತಲುಪಿದ್ದೇ ಇಲ್ಲ, ಕಲ್ಲಿನಂತೆ ಗಟ್ಟಿಯಾಗಿಯೇ ಉಳಿದಿತ್ತು. ನಡುವಿನ ಒಂದೆರಡು ಇಂಚಿನಲ್ಲಿ ಮಾತ್ರ ಸಿಪ್ಪೆ ಸಡಿಲಿ ನೀರು ಹಿಡಿಯಿತು. ಗುಡ್ಡೆಗೆ ಬೆಂಕಿ ಬಿದ್ದ ವರ್ಷ ಕೆಲವು ಜಾತಿ ಮಾತ್ರ ಗುಂಪಾಗಿ ಏಳುವುದಕ್ಕೆ ಈ ಆಳದ ಲೆಕ್ಕವೂ ಒಂದು ಕಾರಣ. ಚಗಟೆ ಸೊಪ್ಪಿನ ಗಿಡದ ಬೀಜಕ್ಕೆ ಬೆಂಕಿಯೂ ಬೇಡ: ಏಪ್ರಿಲ್‌ನಲ್ಲಿ ಬೋಳು ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಮೇಲೆ ಹರಡಿಟ್ಟರೆ ಹಗಲಿನ ಕಾವು, ರಾತ್ರಿಯ ತಂಪಿಗೆ ತಿಂಗಳೊಳಗೆ ಸಾಕಷ್ಟು ಬೀಜ ಬಾಯಿ ಬಿಡುತ್ತದೆ. ಗುಲಗಂಜಿಗೂ ಮರಳು ಒಗ್ಗುತ್ತದೆ, ಆದರೆ ಅದು ವಿಷ. ಅಡುಗೆಯ ಬಾಣಲೆ ಖಂಡಿತ ಬೇಡ.

ಈ ಬಿಸಿಯೆಲ್ಲ ಗಟ್ಟಿ ಸಿಪ್ಪೆಯ ಬೀಜಗಳಿಗೆ ಮಾತ್ರ. ಕಾಡು ಮರಗಳಾದ ಧೂಪ, ಕಿರಾಲ್‌ಬೋಗಿ, ಪುನರ್ಪುಳಿಯ (ಕೋಕಂ) ಬೀಜ ಒಣಗಿದರೇ ಸಾಯುತ್ತದೆ. ಅವನ್ನು ಬಿದ್ದಲ್ಲಿಂದ ಹೆಕ್ಕಿ, ಅದೇ ವಾರ ನೆರಳಲ್ಲಿ ಊರಿಬಿಡಿ.