ಅಂಕಪಟ್ಟಿಗಿಂತ ಮೊದಲು ಪಾಸ್‌ಬುಕ್: ವಿದ್ಯಾರ್ಥಿವೇತನದ ಉಸ್ತುವಾರಿಯಲ್ಲಿ ನನ್ನ ಅನುಭವ

ತಾಲ್ಲೂಕು ಕೇಂದ್ರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುವ ನನ್ನ ಹೆಗಲಿಗೆ ವಿದ್ಯಾರ್ಥಿವೇತನದ ಉಸ್ತುವಾರಿಯೂ ಬಿದ್ದಿದೆ. ಪದವಿಗೆ ಸೇರಿದ ಮಕ್ಕಳು ಮೊದಲು ಕೇಳುವುದು, "ಮೇಡಂ, ಎಷ್ಟು ಪರ್ಸೆಂಟ್ ಬೇಕು?" ಎಂದು. ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕುವ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಬಿದ್ದುಹೋಗುವುದು ಅಂಕ ಕಡಿಮೆಯಾಗಿ ಅಲ್ಲ, ಹೆಚ್ಚಾಗಿ ದಾಖಲೆಗಳು ಒಂದಕ್ಕೊಂದು ತಾಳೆಯಾಗದೆ. ಆದ್ದರಿಂದ ನಾನು ಅಂಕಪಟ್ಟಿ ಬದಿಗಿರಿಸಿ ಪಾಸ್‌ಬುಕ್ ಕೇಳುತ್ತೇನೆ.

ಹಣ ಜಮೆಯಾಗುವುದು, ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಎನ್‌ಪಿಸಿಐ ಸಂಸ್ಥೆಯ ಪಟ್ಟಿಯಲ್ಲಿ ಆಧಾರ್‌ಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಬ್ಯಾಂಕಿಗೆ ಕೆವೈಸಿಗೆಂದು ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಈ ಜೋಡಣೆ ಆಗಿರುವುದಿಲ್ಲ; ಅದಕ್ಕೆ ಬೇರೆಯೇ ಒಪ್ಪಿಗೆ ಪತ್ರ ಬೇಕು. ಒಬ್ಬ ಹುಡುಗಿಯ ಅರ್ಜಿ ಮಂಜೂರಾಗಿತ್ತು, ಪಾಸ್‌ಬುಕ್‌ನಲ್ಲಿ ಮಾತ್ರ ಬಿಡಿಗಾಸೂ ಇರಲಿಲ್ಲ. ಆಧಾರ್ ಜಾಲತಾಣದಲ್ಲಿ ಜೋಡಣೆಯ ಸ್ಥಿತಿ ತೆಗೆಸಿದರೆ, ಸಿಮ್ ಕೊಳ್ಳುವಾಗ ಅಂಗಡಿಯವನು ಹೆಬ್ಬೆಟ್ಟು ಒತ್ತಿಸಿಕೊಂಡು ತೆರೆದಿದ್ದ ಪೇಮೆಂಟ್ಸ್ ಬ್ಯಾಂಕ್ ಖಾತೆ ಕಾಣಿಸಿತು. ದುಡ್ಡು ಅಲ್ಲಿ ತೆಪ್ಪಗೆ ಕುಳಿತಿತ್ತು, ಅಂಥದೊಂದು ಖಾತೆ ತನಗಿದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಈಗ ಪ್ರವೇಶಾತಿ ನಡೆಯುತ್ತಿರುವಾಗಲೇ ಪ್ರತಿಯೊಬ್ಬರ ಮೊಬೈಲ್‌ನಲ್ಲೂ ಆ ಪುಟವನ್ನು ನನ್ನೆದುರೇ ತೆರೆಸುತ್ತೇನೆ.

ಆಮೇಲೆ ನಾಡಕಚೇರಿಯ ಜಾತಿ, ಆದಾಯ ಪ್ರಮಾಣಪತ್ರ. ಅದರ ಮೇಲೆ ಮುದ್ರಿತವಾದ ಆರ್‌ಡಿ ಸಂಖ್ಯೆ ಹಾಕಿದೊಡನೆ ಪೋರ್ಟಲ್ ವಿವರಗಳನ್ನು ತಾನೇ ಎಳೆದುಕೊಳ್ಳುತ್ತದೆ. ಆಧಾರ್‌ನಲ್ಲಿ ಇನಿಷಿಯಲ್ ಮುಂದಿದ್ದು ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹಿಂದಿದ್ದರೆ ಅಲ್ಲಿಗೇ ತಕರಾರು ಶುರು. ನಾನು ಎಸ್‌ಎಸ್‌ಎಲ್‌ಸಿಯಲ್ಲಿರುವ ಹೆಸರನ್ನೇ ಹಿಡಿದು, ಆಧಾರ್ ತಿದ್ದಿಸಿಕೊಂಡು ಬನ್ನಿ ಎನ್ನುತ್ತೇನೆ. ಅಂಕಪಟ್ಟಿ ತಿದ್ದಿಸುವುದು ಯಾರಿಗೂ ಬೇಡ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದ ಕೇಂದ್ರ ಯೋಜನೆಗೆ ಕುಟುಂಬದ ವಾರ್ಷಿಕ ಆದಾಯ 2.5 ಲಕ್ಷ ರೂಪಾಯಿ ಮೀರಬಾರದು. ಹಿಂದುಳಿದ ವರ್ಗಗಳಲ್ಲಿ ಪ್ರವರ್ಗಕ್ಕೊಂದು ಮಿತಿ ಇರಬಹುದಾದ್ದರಿಂದ ಆಯಾ ವರ್ಷದ ಅಧಿಸೂಚನೆಯನ್ನೇ ನೋಟಿಸ್ ಬೋರ್ಡ್‌ಗೆ ಅಂಟಿಸುತ್ತೇನೆ.

ನನಗೆ ಹೆಚ್ಚು ಸಂಕಟ ಕೊಟ್ಟದ್ದು ರೈತರ ಮಕ್ಕಳಿಗೆ ರಾಜ್ಯ ಸರ್ಕಾರ ಕೊಡುವ ವಿದ್ಯಾರ್ಥಿವೇತನ, ರೈತ ವಿದ್ಯಾನಿಧಿ. 2021ರಲ್ಲಿ ಆರಂಭವಾದಾಗ ಬಿಎ, ಬಿಕಾಂ ಓದುವ ಹುಡುಗರಿಗೆ ವರ್ಷಕ್ಕೆ 5,000, ಹುಡುಗಿಯರಿಗೆ 5,500 ರೂಪಾಯಿ ಎಂದು ನಿಗದಿಯಾಗಿತ್ತು. ರೈತರ ನೋಂದಣಿಯ ಫ್ರೂಟ್ಸ್ ತಂತ್ರಾಂಶದಲ್ಲಿ ತಂದೆಯ ಅಥವಾ ತಾಯಿಯ ಎಫ್‌ಐಡಿ, ಅಂದರೆ ರೈತರ ಗುರುತಿನ ಸಂಖ್ಯೆ, ಇರಬೇಕು. ಉಳುವವನು ಅಪ್ಪ, ಪಹಣಿ ಮಾತ್ರ ತೀರಿಕೊಂಡ ಅಜ್ಜನ ಹೆಸರಿನಲ್ಲಿ! ಪೌತಿ ಖಾತೆಯಾಗದೆ, ಅಂದರೆ ತೀರಿಕೊಂಡವರ ಜಮೀನು ವಾರಸುದಾರರ ಹೆಸರಿಗೆ ಬದಲಾಗದೆ, ರೈತನ ಮಗ ಕಾಗದದ ಮೇಲೆ ರೈತನ ಮಗನಾಗುವುದಿಲ್ಲ. ಅದಕ್ಕೆ ಅಡ್ಡಬರುವ ಅಣ್ಣತಮ್ಮಂದಿರ ಜಗಳವನ್ನು ನಾನು ಬಿಡಿಸಲಾರೆ. ಪೋಷಕರ ಸಭೆಯಲ್ಲಿ ಈ ವಿಷಯವನ್ನು ಗಟ್ಟಿಯಾಗಿ ಹೇಳುತ್ತೇನೆ, ಅಷ್ಟೆ.

ಅಂಕ ನಿಜವಾಗಿ ಲೆಕ್ಕಕ್ಕೆ ಬರುವುದು ಕೇಂದ್ರ ಸರ್ಕಾರದ ಎನ್‌ಎಸ್‌ಪಿ ಪೋರ್ಟಲ್‌ನ ಕೇಂದ್ರೀಯ ವಲಯ ವಿದ್ಯಾರ್ಥಿವೇತನದಲ್ಲಿ. ಪದವಿಯ ಹಂತದಲ್ಲಿ ವರ್ಷಕ್ಕೆ 12,000 ರೂಪಾಯಿ, ಆದಾಯ ಮಿತಿ 4.5 ಲಕ್ಷ. ದ್ವಿತೀಯ ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ತನ್ನ ಬೋರ್ಡಿನ ನೂರರಲ್ಲಿ ಎಂಬತ್ತು ಜನರಿಗಿಂತ ಮುಂದಿರಬೇಕು. ಇದನ್ನು ಶೇಕಡಾ 80 ಅಂಕವೆಂದು ತಿಳಿದು ಅರ್ಜಿಯನ್ನೇ ಹಾಕದವರಿದ್ದಾರೆ. ಆದರೆ ಇದನ್ನು ಪಡೆದವರು ಬೇರೆ ವಿದ್ಯಾರ್ಥಿವೇತನ ಪಡೆಯುವಂತಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ರಾಜ್ಯದ ವಿದ್ಯಾಸಿರಿ ಯೋಜನೆಯಲ್ಲಿ ಊಟ, ವಸತಿಗೆಂದು ಹತ್ತು ತಿಂಗಳು ಹಣ ಸಿಗುತ್ತದೆ. ಎರಡಕ್ಕೂ ಅರ್ಹರಾದವರನ್ನು ಕೂರಿಸಿಕೊಂಡು ಯಾವುದು ಲೇಸೆಂದು ಲೆಕ್ಕ ಹಾಕಿಸುತ್ತೇನೆ. ಕೇಂದ್ರದ್ದನ್ನು ಆರಿಸಿಕೊಂಡವರಿಗೆ ನವೀಕರಣಕ್ಕೆ ಶೇಕಡಾ 50 ಅಂಕ ಮತ್ತು ಶೇಕಡಾ 75 ಹಾಜರಾತಿ ಬೇಕು. ಹಾಜರಿ ಪುಸ್ತಕವೂ ನನ್ನ ಕೈಯಲ್ಲೇ ಇರುವುದರಿಂದ ಆ ಮಕ್ಕಳು ಬೆಳಗಿನ ಮೊದಲ ತರಗತಿಯನ್ನು ತಪ್ಪಿಸುವುದಿಲ್ಲ.