ಸೇಂಟ್ ಆಂಡ್ರೂಸ್‌ನಲ್ಲಿ ಗಾಲ್ಫ್: ಮೆಂಬರ್‌ಶಿಪ್ ಬೇಡ, ಚೀಟಿ ಎದ್ದರೆ ಸಾಕು

ನಮ್ಮಲ್ಲಿ ಗಾಲ್ಫ್ ಅಂದರೆ ಕ್ಲಬ್ಬು, ಕ್ಲಬ್ಬು ಅಂದರೆ ಮೆಂಬರ್‌ಶಿಪ್ಪು. ಸ್ಕಾಟ್ಲೆಂಡಿನ ಕಡಲ ತೀರದ ಹಳೇ ಊರು ಸೇಂಟ್ ಆಂಡ್ರೂಸ್‌ನಲ್ಲಿ ಲೆಕ್ಕ ಬೇರೆ. ಸಮುದ್ರದ ಪಕ್ಕದ ಮರಳು ಬಯಲಿನಲ್ಲಿ ಗಾಲ್ಫ್ ಆಡುವುದು ಊರಿನವರ ಹಕ್ಕು ಅಂತ 1552ರಲ್ಲೇ ಅಲ್ಲಿನ ಆರ್ಚ್‌ಬಿಷಪ್ ಬರೆದುಕೊಟ್ಟಿದ್ದರು. ಈಗಲೂ ಅಲ್ಲಿನ ಏಳು ಕೋರ್ಸ್‌ಗಳು (ಗಾಲ್ಫ್ ಮೈದಾನಗಳು) ಸಾರ್ವಜನಿಕರವೇ. 1974ರ ಕಾಯ್ದೆಯ ಪ್ರಕಾರ ಒಂದು ಟ್ರಸ್ಟ್ ಅವನ್ನು ನೋಡಿಕೊಳ್ಳುತ್ತದೆ. ಜಗತ್ತಿನ ಅತಿ ಹಳೆಯ ಕೋರ್ಸ್ ಅನ್ನಿಸಿಕೊಂಡ ಓಲ್ಡ್ ಕೋರ್ಸ್ ಕೂಡ ಇದರಲ್ಲಿ ಸೇರಿದೆ. ಬ್ರಿಟನ್ನಿನಲ್ಲಿರುವ ಮಕ್ಕಳ ಮನೆಗೆ ಹೋಗುವ ಗಾಲ್ಫ್ ಪ್ರಿಯರು ಇದನ್ನು ತಪ್ಪಿಸಿಕೊಳ್ಳಬಾರದು.

ಹೊರಡುವ ಮುಂಚೆ

ನಿಮ್ಮ ಕ್ಲಬ್ಬಿನಿಂದ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್, ಅಂದರೆ ನಿಮ್ಮ ಆಟದ ಮಟ್ಟ ಎಷ್ಟು ಅಂತ ಹೇಳುವ ಪತ್ರ, ತೆಗೆದುಕೊಳ್ಳಿ. ಅದಿಲ್ಲದೆ ಓಲ್ಡ್ ಕೋರ್ಸ್‌ಗೆ ಬಿಡುವುದಿಲ್ಲ. ಸೀಸನ್ನಿನಲ್ಲಿ ಅಲ್ಲಿ ಒಂದು ರೌಂಡಿಗೆ 300 ಪೌಂಡ್‌ಗಿಂತ ಜಾಸ್ತಿ. ರೂಪಾಯಿಗೆ ಲೆಕ್ಕ ಹಾಕಬೇಡಿ, ಕೈ ನಡುಗುತ್ತದೆ. ಚಳಿಗಾಲದಲ್ಲಿ ದರ ಇಳಿಯುತ್ತದೆ, ಆದರೆ ಫೇರ್‌ವೇಯಲ್ಲಿ (ಹುಲ್ಲು ಕತ್ತರಿಸಿದ ಆಟದ ಹಾದಿಯಲ್ಲಿ) ಪ್ರತಿ ಸಲ ಚೆಂಡನ್ನು ಪುಟ್ಟ ಮ್ಯಾಟ್ ಮೇಲಿಟ್ಟು ಹೊಡೆಯಬೇಕು. ಅಷ್ಟು ದೂರ ಹೋಗಿ ಮ್ಯಾಟ್ ಮೇಲೆ ಆಡುವುದು ಯಾಕೋ ಸರಿ ಅನ್ನಿಸುವುದಿಲ್ಲ. ಜೂನ್ ಒಳ್ಳೆಯದು, ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ.

ಊರಿಗೆ ರೈಲಿಲ್ಲ. ಎಡಿನ್‌ಬರೋದಿಂದ ಲೂಕರ್ಸ್ ಸ್ಟೇಷನ್ನಿಗೆ ಸುಮಾರು ಒಂದು ಗಂಟೆ, ಅಲ್ಲಿಂದ ಬಸ್ಸು.

ಚೀಟಿ ಎತ್ತುವ ಆಟ

ಓಲ್ಡ್ ಕೋರ್ಸ್‌ನಲ್ಲಿ ಒಂದಿಷ್ಟು ಟೀ ಟೈಮ್‌ಗಳನ್ನು (ಆಟ ಶುರು ಮಾಡುವ ಸಮಯಗಳನ್ನು) ದಿನವೂ ಚೀಟಿ ಎತ್ತಿ ಹಂಚುತ್ತಾರೆ. ಇದಕ್ಕೆ ಬ್ಯಾಲಟ್ ಅನ್ನುತ್ತಾರೆ. ಎರಡು ದಿನ ಮುಂಚೆ ಮಧ್ಯಾಹ್ನ 2 ಗಂಟೆಯೊಳಗೆ ಹೆಸರು ಕೊಡಬೇಕು. ಗುರುವಾರ ಆಡಬೇಕೆಂದರೆ ಮಂಗಳವಾರ, ಸೋಮವಾರಕ್ಕೆ ಶನಿವಾರ. ಕಡಿಮೆ ಅಂದರೂ ಇಬ್ಬರಿರಬೇಕು, ನಾಲ್ವರಿಗಿಂತ ಹೆಚ್ಚು ಇರಬಾರದು. ಅದೇ ದಿನ ಸಂಜೆ ಫಲಿತಾಂಶ.

ಒಬ್ಬರೇ ಹೋಗಿದ್ದೀರಾ? ಹಾಗಾದರೆ ಹಿಂದಿನ ದಿನ ಸಂಜೆ 5ರೊಳಗೆ ಖುದ್ದಾಗಿ ಹೋಗಿ ಹೆಸರು ಕೊಡಿ. ಮೂವರ ಗುಂಪಿನಲ್ಲಿ ಜಾಗ ಖಾಲಿಯಿದ್ದರೆ ಸೇರಿಸುತ್ತಾರೆ. 2024ಕ್ಕೆ ಮುಂಚೆ ಇದಕ್ಕಾಗಿ ಜನ ರಾತ್ರಿಯಿಡೀ ಚಳಿಯಲ್ಲಿ ಕ್ಯೂ ನಿಲ್ಲುತ್ತಿದ್ದರು. ಈಗ ಆ ಕಷ್ಟ ಇಲ್ಲ.

ಒಂದೇ ದಿನ ಹೋಗಿ ಚೀಟಿ ಏಳಲಿಲ್ಲ ಅಂತ ಕೊರಗುವುದು ಬೇಡ. ಮೂರ್ನಾಲ್ಕು ದಿನ ಇಟ್ಟುಕೊಳ್ಳಿ, ದಿನವೂ ಹೆಸರು ಹಾಕಿ. ಜೊತೆಗೆ ನ್ಯೂ ಕೋರ್ಸನ್ನೋ ಜೂಬಿಲಿಯನ್ನೋ ಆನ್‌ಲೈನ್‌ನಲ್ಲಿ ಮೊದಲೇ ಬುಕ್ ಮಾಡಿಡಿ. ಹೆಸರು ನ್ಯೂ ಆದರೂ ಅದು 1895ರದ್ದು! ನಿಜ ಹೇಳಬೇಕೆಂದರೆ ಆಟದ ಮಟ್ಟಿಗೆ ಅದೇನೂ ಕಡಿಮೆಯಿಲ್ಲ. ಕಡಿಮೆ ಇರುವುದು ದರ ಮತ್ತು ನೂಕುನುಗ್ಗಲು. ಹೊಸಬರಿಗೆ, ಮಕ್ಕಳಿಗೆ ಒಂಬತ್ತು ಹೋಲ್‌ನ ಬಾಲ್ಗೋವ್ ಇದೆ.

ಮೈದಾನಕ್ಕೆ ಇಳಿದ ಮೇಲೆ

ಓಲ್ಡ್ ಕೋರ್ಸ್‌ನಲ್ಲಿ ಮೊದಲ ಸಲ ಆಡುವವರು ಕ್ಯಾಡಿ (ಬ್ಯಾಗ್ ಹೊತ್ತು ದಾರಿ ಹೇಳುವವರು) ಖರ್ಚಿಗೆ ಜಿಪುಣತನ ಮಾಡಬಾರದು. ಅಲ್ಲಿ 112 ಬಂಕರ್‌ಗಳಿವೆ, ಅಂದರೆ ಮರಳಿನ ಗುಂಡಿಗಳು. ಎಷ್ಟೋ ಬಂಕರ್‌ಗಳು ಟೀಯಿಂದ (ಮೊದಲ ಹೊಡೆತದ ಜಾಗದಿಂದ) ಕಣ್ಣಿಗೇ ಬೀಳುವುದಿಲ್ಲ. ಗ್ರೀನ್‌ಗಳೂ (ಗುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ವಿಚಿತ್ರ. 1, 9, 17, 18ನೇ ಹೋಲ್‌ಗಳಿಗೆ ಮಾತ್ರ ಸ್ವಂತ ಗ್ರೀನ್. ಉಳಿದ ಹೋಲ್‌ಗಳು ಎರಡೆರಡು ಸೇರಿ ಒಂದೊಂದು ಗ್ರೀನನ್ನು ಹಂಚಿಕೊಂಡಿವೆ. ಜೋಡಿಯ ನಂಬರ್ ಕೂಡಿಸಿದರೆ ಯಾವಾಗಲೂ 18. ನೀವು ಎರಡನೇ ಹೋಲ್ ಮುಗಿಸುವಾಗ ಪಕ್ಕದಲ್ಲೇ ಯಾರೋ ಹದಿನಾರನೆಯದನ್ನು ಮುಗಿಸುತ್ತಿರುತ್ತಾರೆ.

ಅನುಮಾನ ಬಂದರೆ ಎಡಕ್ಕೆ ಹೊಡೆಯಿರಿ, ಚೆಂಡು ಕಳೆದುಹೋಗುವ ಭಯ ಕಡಿಮೆ. ನೆಲ ಗಟ್ಟಿ, ಗಾಳಿ ಜೋರು. ಹಾಗಾಗಿ ಚೆಂಡನ್ನು ಎತ್ತರಕ್ಕೆ ಹಾರಿಸುವ ಆಸೆ ಬಿಡಿ. ಗ್ರೀನಿನಿಂದ ಮೂವತ್ತು ಅಡಿ ಹೊರಗಿದ್ದರೂ ಪಟರ್‌ನಲ್ಲಿ (ಚೆಂಡು ಉರುಳಿಸುವ ಕೋಲಿನಲ್ಲಿ) ಉರುಳಿಸಬಹುದು, ಯಾರೂ ನಗುವುದಿಲ್ಲ.

ಇನ್ನು 17ನೇ ಹೋಲ್. ಟೀ ಮೇಲೆ ನಿಂತರೆ ಎದುರಿಗೆ ಹೋಟೆಲಿನ ಶೆಡ್ಡು. ಅದರ ಮೂಲೆಯ ಮೇಲಿಂದ ಚೆಂಡು ಹಾರಬೇಕು. ಗ್ರೀನಿನ ಮುಂದೆ ಆಳವಾದ ಬಂಕರ್, ಹಿಂದೆ ರಸ್ತೆ, ರಸ್ತೆಯಾಚೆ ಕಲ್ಲಿನ ಗೋಡೆ. ಚೆಂಡು ರಸ್ತೆಗೆ ಹೋದರೆ ಸುಮ್ನೆ ಎತ್ತಿ ಹುಲ್ಲಿಗೆ ಇಡುವ ಹಾಗಿಲ್ಲ. ರಸ್ತೆಯೂ ಕೋರ್ಸಿನ ಭಾಗವೇ, ಅಲ್ಲಿಂದಲೇ ಹೊಡೆಯಬೇಕು. ನನ್ನ ಸಲಹೆ ಇಷ್ಟೇ: ಎರಡನೇ ಹೊಡೆತವನ್ನು ಗ್ರೀನಿಗೆ ಮುಂಚೆ, ಬಲಗಡೆ ನಿಲ್ಲಿಸಿ. ಅಲ್ಲಿಂದ ಉರುಳಿಸಿ. ನಾಲ್ಕು ಹೊಡೆತದಲ್ಲಿ ಮುಗಿಸಬೇಕಾದ ಹೋಲ್‌ನಲ್ಲಿ ಐದು ಬಂದರೆ ಅದೇನು ಕಡಿಮೆಯಾ?

18ನೇ ಫೇರ್‌ವೇಗೆ ಅಡ್ಡಲಾಗಿಯೂ ಒಂದು ಸಾರ್ವಜನಿಕ ರಸ್ತೆ ಇದೆ. ನಾಯಿ ಹಿಡಿದುಕೊಂಡವರು, ಬೀಚಿಗೆ ಹೊರಟವರು ದಾಟುತ್ತಿರುತ್ತಾರೆ. ಅವರು ದಾಟುವ ತನಕ ಕಾಯಿರಿ.

ಭಾನುವಾರ, ಮತ್ತು ಆಡದವರಿಗೆ

ಭಾನುವಾರ ಓಲ್ಡ್ ಕೋರ್ಸ್‌ನಲ್ಲಿ ಸಾಮಾನ್ಯವಾಗಿ ಆಟ ಇರುವುದಿಲ್ಲ. ಅವತ್ತು ಅದು ಊರಿನ ಪಾರ್ಕು. ಪುಕ್ಕಟೆಯಾಗಿ ಒಳಗೆ ನಡೆದಾಡಬಹುದು, ಅಲ್ಲಿನ ಹಳೇ ಕಲ್ಲಿನ ಸ್ವಿಲ್ಕನ್ ಸೇತುವೆ ಮೇಲೆ ಫೋಟೋ ತೆಗೆಸಿಕೊಳ್ಳಬಹುದು. ಮಾರನೇ ದಿನ ಆಡುವವರಿಗೆ ಬಂಕರ್‌ಗಳನ್ನು ಗುರುತು ಮಾಡಿಕೊಳ್ಳಲೂ ಒಳ್ಳೆ ಅವಕಾಶ.

ಗಾಲ್ಫ್ ಗಂಧವೇ ಇಲ್ಲದ ಮನೆಯವರನ್ನು ಹಿಮಾಲಯಾಸ್‌ಗೆ ಕರೆದುಕೊಂಡು ಹೋಗಿ. ಓಲ್ಡ್ ಕೋರ್ಸ್ ಪಕ್ಕದ ಉಬ್ಬುತಗ್ಗಿನ ಪಟಿಂಗ್ ಗ್ರೀನ್ ಅದು. 1867ರಲ್ಲಿ ಶುರುವಾದ ಹೆಂಗಸರ ಕ್ಲಬ್ಬಿನದ್ದು. ಕೆಲವೇ ಪೌಂಡ್ ಕೊಟ್ಟರೆ ಪಟರ್, ಚೆಂಡು ಸಿಗುತ್ತವೆ. ಇದಕ್ಕೆ ಹ್ಯಾಂಡಿಕ್ಯಾಪ್ ಸರ್ಟಿಫಿಕೇಟ್ ಕೇಳುವುದಿಲ್ಲ.