ನಿಘಂಟಿನ ಅರ್ಥವನ್ನು ಕೊನೆಯಿಂದ ಓದಿಸಿದೆ: ಕನ್ನಡ ಕ್ರಿಯಾಪದಗಳೊಂದಿಗೆ ನನ್ನ ಅನುಭವ

ಕಳೆದ ಮಳೆಗಾಲದ ಒಂದು ರಾತ್ರಿ, ಪುಣೆಯ ಕೋಥರೂಡಿನ ನಮ್ಮ ಬಾಡಿಗೆ ಮನೆಯಲ್ಲಿ ಕುಳಿತು, ‘ಹಿಟ್ಟಿಗೆ ನೀರು ಹಾಕಿ ಅಂಗೈಯಿಂದ ಒತ್ತಿ ಒತ್ತಿ ಹದಕ್ಕೆ ತರು’ ಎಂದು ಗಣಕಕ್ಕೆ ಬರೆದು, ಇದಕ್ಕೆ ಹೊಂದುವ ಕ್ರಿಯಾಪದ ಯಾವುದೆಂದು ಕೇಳಿದೆ. ಮೊದಲು ‘ನಾದು’ ಬಂತು, ಎರಡನೆಯದಾಗಿ ‘ಮಿದಿ’, ಮೂರನೆಯದಾಗಿ ‘ಕಲಸು’. ಆ ವಾಕ್ಯವನ್ನು ಅದು ಎಲ್ಲಿಯೂ ಕಂಡಿರಲಿಲ್ಲ. ಕನ್ನಡ ನಿಘಂಟೊಂದರ ಅರ್ಥವಿವರಣೆಗಳನ್ನು ಗಣಕದ ಮಾದರಿಯೊಂದಕ್ಕೆ ಓದಿಸಿ, ವಿವರಣೆ ಕೊಟ್ಟರೆ ಹೊಂದುವ ಕ್ರಿಯಾಪದವನ್ನು ಅದು ಹೇಳುವಂತೆ ಕಲಿಸುವುದು ನನ್ನ ಕೆಲಸವಾಗಿತ್ತು. ಇಷ್ಟು ಸಣ್ಣ ನಿಘಂಟಿನಿಂದ ಏನೂ ಹುಟ್ಟುವುದಿಲ್ಲ, ಹಣ ಹಾಳು ಮಾಡಬೇಡ ಎಂದು ಹಿಂಜೇವಾಡಿಯಲ್ಲಿ ಕೆಲಸ ಮಾಡುವ ಕನ್ನಡಿಗ ಗೆಳೆಯರು ಸುಮಾರು ಮೂರು ವರ್ಷ ನನಗೆ ಹೇಳುತ್ತಲೇ ಇದ್ದರು. ಈಗ ಅವರೇ ಹೇಗೆ ಮಾಡಿದಿರಿ ಎಂದು ಕೇಳುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ.

ನಾಮಪದಗಳ ವಿಷಯಕ್ಕೆ ನಾನು ಹೋಗುವುದಿಲ್ಲ. ಇಂಗ್ಲಿಷ್ ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿದ, ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವರ್ಡ್‌ನೆಟ್‌ನ 3.0 ಆವೃತ್ತಿಯಲ್ಲಿ ನಾಮಪದಗಳ ಅರ್ಥಗುಂಪುಗಳು ಸುಮಾರು 82 ಸಾವಿರ ಇದ್ದರೆ ಕ್ರಿಯಾಪದಗಳವು ಹದಿನಾಲ್ಕು ಸಾವಿರಕ್ಕಿಂತ ಸ್ವಲ್ಪ ಕಡಿಮೆ. ಸಂಖ್ಯೆ ಕಡಿಮೆಯೆಂದು ಕೆಲಸ ಕಡಿಮೆಯಲ್ಲ. ‘ಮಾವು ಒಂದು ಮರ’ ಎಂದರೆ ಮಾವಿನ ಬಗ್ಗೆ ಅರ್ಧ ವಿಷಯ ತಿಳಿದಂತೆ. ‘ಕೇರು ಎಂದರೆ ಬೇರ್ಪಡಿಸು’ ಎಂದರೆ ಏನೂ ತಿಳಿದಂತಾಗುವುದಿಲ್ಲ. ಯಾರು, ಯಾವುದನ್ನು, ಯಾವುದರಿಂದ, ಹೇಗೆ ಎಂಬುದೆಲ್ಲ ಕೂಡಿದಾಗಲೇ ಅದಕ್ಕೆ ಅರ್ಥ.

ಮೊದಲ ಪೆಟ್ಟು ಪಠ್ಯದಲ್ಲಿಯೇ ಬಿತ್ತು. ಹಕ್ಕುಸ್ವಾಮ್ಯದ ಅವಧಿ ಮುಗಿದ ಹಳೆಯ ಕನ್ನಡ-ಕನ್ನಡ ನಿಘಂಟೊಂದನ್ನು ಆರಿಸಿಕೊಂಡು ಚಿತ್ರದಿಂದ ಅಕ್ಷರ ಗುರುತಿಸುವ ಟೆಸರಾಕ್ಟ್ ತಂತ್ರಾಂಶಕ್ಕೆ ಕೊಟ್ಟರೆ, ಮಾಸಿದ ಪುಟಗಳ ಒತ್ತಕ್ಷರಗಳು ಅರ್ಧಕ್ಕರ್ಧ ತಪ್ಪಾಗಿ ಬಂದವು. ಕೊನೆಗೆ ಊರ ಕಡೆಯ ಒಂದು ಟೈಪಿಂಗ್ ಅಂಗಡಿಗೆ ಪುಟಕ್ಕೆ 30 ರೂಪಾಯಿಯಂತೆ ಸುಮಾರು 500 ಪುಟ ಕೊಟ್ಟೆ. ಹದಿನೈದು ಸಾವಿರ ರೂಪಾಯಿ ತೆತ್ತ ಮೇಲೆ ನೋಡಿದರೆ, ಅವರು ಹಳೆಯ ಫಾಂಟಿನಲ್ಲಿ ಟೈಪಿಸಿ, ಅರ್ಕಾವತ್ತನ್ನು ಸರಿಪಡಿಸದೆ ಯೂನಿಕೋಡಿಗೆ ಬದಲಿಸಿ ಕಳಿಸಿದ್ದರು. ‘ಕರ್ಮ’ ಎಂಬುದು ‘ಕಮರ್’ ಆಗಿತ್ತು, ‘ಅರ್ಥ’ವು ‘ಅಥರ್’ ಆಗಿತ್ತು. ಇವು ಕಣ್ಣಿಗೆ ಬೀಳುತ್ತವೆ. ಆದರೆ ‘ನಿರ್ಮಿಸು’ ಎಂಬುದು ‘ನಿಮಿರ್ಸು’ ಆದಾಗ, ನೆಟ್ಟಗೆ ನಿಲ್ಲು ಎಂಬ ಅರ್ಥದ ‘ನಿಮಿರು’ ಧಾತುವಿನ ಪಕ್ಕದಲ್ಲಿ ಅದು ಹೋಗಿ ಕುಳಿತದ್ದನ್ನು ನಾನು ಎರಡು ತಿಂಗಳು ಗಮನಿಸಲಿಲ್ಲ. ಅಂಗಡಿಯವರು ಹಣ ಹಿಂದಿರುಗಿಸಲಿಲ್ಲ. ತಿದ್ದುವ ಸಣ್ಣ ಪ್ರೋಗ್ರಾಮನ್ನು ನಾನೇ ಬರೆದೆ, ಆಮೇಲೂ ಸಾವಿರದಷ್ಟು ನಮೂದುಗಳನ್ನು ಕಣ್ಣಿನಿಂದಲೇ ನೋಡಿ ಸರಿಮಾಡಿದೆ.

ಎರಡು ವಿವರಣೆಗಳಲ್ಲಿ ಒಂದೇ ಆಗಿರುವ ಪದಗಳನ್ನು ಎಣಿಸಿ ಅರ್ಥ ಹೊಂದಿಸುವ, 1986ರ ಲೆಸ್ಕ್ ವಿಧಾನ ಕನ್ನಡದಲ್ಲಿ ಕೈಕೊಡುತ್ತದೆ. ‘ಹೊಡೆದು’, ‘ಹೊಡೆಯುವ’, ‘ಹೊಡೆತ’ ಮೂರೂ ಅದಕ್ಕೆ ಮೂರು ಬೇರೆ ಪದಗಳು. ಪದದ ಬಳಕೆ ಮತ್ತು ಅದರೊಳಗಿನ ತುಣುಕುಗಳಿಂದ ಪ್ರತಿ ಪದವನ್ನೂ ಸಂಖ್ಯೆಗಳ ಸಾಲಾಗಿಸುವ ಫಾಸ್ಟ್‌ಟೆಕ್ಸ್ಟ್ ವೆಕ್ಟರುಗಳನ್ನು ಕೂಡಿಸಿ ನೋಡಿದಾಗ ಬೇರೆ ತೊಂದರೆ ಬಂತು. ‘ಕಡಿ’ ಎಂದರೆ ಅದು ‘ಕಡಿಮೆ’ಯನ್ನು ತಂದಿತು. ‘ಆರು’, ‘ಏಳು’, ‘ಹತ್ತು’ ಮೂರೂ ಸಂಖ್ಯೆಗಳ ಜೊತೆಯಲ್ಲಿ ಸಾಲಾಗಿ ನಿಂತವು. ದೀಪ ಆರುವುದು, ಹಾಸಿಗೆಯಿಂದ ಏಳುವುದು, ಮರ ಹತ್ತುವುದು ಅಲ್ಲಿ ಹುಡುಕಿದರೂ ಸಿಗಲಿಲ್ಲ. ಇಲ್ಲಿ ನನಗೆ ಒದಗಿದ್ದು 1894ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲ್ ನಿಘಂಟು. ಒಂದೇ ರೂಪದ ಬೇರೆ ಬೇರೆ ಪದಗಳಿಗೆ ಅವರು ಬೇರೆ ಬೇರೆ ಸಂಖ್ಯೆ ಕೊಟ್ಟಿದ್ದಾರೆ. ಅದನ್ನು ಆಧಾರವಾಗಿಟ್ಟುಕೊಂಡು ಇಂಥ ಜೋಡಿರೂಪಗಳನ್ನೆಲ್ಲ ಕೈಯಿಂದಲೇ ಬಿಡಿಸಿದೆ. ಇದೇ ಸಮಯದಲ್ಲಿ ಮಾದರಿಯ ತರಬೇತಿಗೆ ಬಾಡಿಗೆಗೆ ಪಡೆದ ವೇಗದ ಗಣಕಯಂತ್ರ (ಜಿಪಿಯು) ಒಂದನ್ನು ನಿಲ್ಲಿಸಲು ಮರೆತು ಗಣೇಶ ಚತುರ್ಥಿಗೆ ಊರಿಗೆ ಹೋದದ್ದರಿಂದ ಒಂಬತ್ತು ಸಾವಿರ ರೂಪಾಯಿ ಹೋಯಿತು. ಆಮೇಲೆ ಎಲ್ಲ ತರಬೇತಿಯನ್ನೂ ಮನೆಯ ಯಂತ್ರದಲ್ಲಿಯೇ ಮಾಡಿದೆ. ಈ ವಿಧಾನಕ್ಕೆ ಅದು ಸಾಕು.

ತಿರುವು ಬಂದದ್ದು ವಿವರಣೆಗಳನ್ನು ಕೊನೆಯಿಂದ ಓದಿಸತೊಡಗಿದಾಗ. ಕನ್ನಡದ ಅರ್ಥವಿವರಣೆಯಲ್ಲಿ ಮುಖ್ಯ ಕ್ರಿಯೆ ಕೊನೆಯಲ್ಲಿರುತ್ತದೆ. ಅದರ ಹಿಂದಿನ ‘ಸುರಿದು’, ‘ಒತ್ತಿ’, ‘ಹಿಡಿದು’ ಮುಂತಾದ ನ್ಯೂನಕ್ರಿಯೆಗಳು ರೀತಿಯನ್ನು ಹೇಳುತ್ತವೆ. ಅವುಗಳ ಹಿಂದಿನ ನಾಮಪದಗಳ ವಿಭಕ್ತಿಗಳು ಉಳಿದದ್ದನ್ನು ಹೇಳುತ್ತವೆ. ಕೊನೆಯ ಪದ ‘ಮಾಡು’, ‘ಆಗು’, ‘ಹೊಂದು’ ಇಂಥದಾಗಿದ್ದರೆ ಒಂದು ಹೆಜ್ಜೆ ಹಿಂದೆ ಸರಿಯಬೇಕು. ಯಾವ ಯಾವ ಪದಗಳನ್ನು ಹೀಗೆ ದಾಟಬೇಕು, ಯಾವಾಗ ದಾಟಬಾರದು ಎಂಬ ಪಟ್ಟಿ ನನ್ನಲ್ಲಿದೆ. ಅದಕ್ಕೆ ಒಂದು ವರ್ಷ ಹಿಡಿದಿರುವುದರಿಂದ ಇಲ್ಲಿ ಕೊಡುತ್ತಿಲ್ಲ. ‘-ದಂತೆ’ಯ ಬಗ್ಗೆ ಮಾತ್ರ ಎಚ್ಚರಿಸುತ್ತೇನೆ. ‘ಅದುಮು: ಅಲುಗಾಡದಂತೆ ಒತ್ತಿ ಹಿಡಿ’ ಎಂಬುದನ್ನು ಓದಿ ನನ್ನ ಮಾದರಿಯು ‘ಅದುಮು’ವನ್ನು ‘ಅಲ್ಲಾಡು’ವಿನ ಪಕ್ಕದಲ್ಲಿ ಇಟ್ಟಿತ್ತು. ‘-ವಂತೆ’ ಮತ್ತು ‘-ದಂತೆ’ಗಳನ್ನು ಮೊದಲೇ ಬೇರೆ ಮಾಡದಿದ್ದರೆ ನಿಷೇಧವೆಲ್ಲ ವಿಧಿಯಾಗಿಬಿಡುತ್ತದೆ.

ಎರಡನೆಯ ಗಂಟು ಎಂದರೆ ಸುತ್ತುವ ಅರ್ಥಗಳು. ‘ನಡುಗು’ ನೋಡಿದರೆ ‘ಕಂಪಿಸು’, ‘ಕಂಪಿಸು’ ನೋಡಿದರೆ ‘ಅದುರು’, ‘ಅದುರು’ ನೋಡಿದರೆ ಮತ್ತೆ ‘ನಡುಗು’. 1978ರ ಲಾಂಗ್‌ಮನ್ ಇಂಗ್ಲಿಷ್ ನಿಘಂಟು ಸುಮಾರು 2,000 ಪದಗಳ ಒಳಗೆ ಎಲ್ಲ ಅರ್ಥವನ್ನೂ ಬರೆದ ಹಾಗೆ ನಮ್ಮ ನಿಘಂಟುಕಾರರು ಬರೆದಿಲ್ಲ. ಆದ್ದರಿಂದ 180ರಷ್ಟು ತಳದ ಧಾತುಗಳನ್ನು ಆರಿಸಿ, ಅವುಗಳ ಕರ್ತೃ, ಕರ್ಮ, ಸಾಧನ, ಫಲಗಳನ್ನು ನಾನೇ ಬರೆದು, ಉಳಿದವೆಲ್ಲ ಅವುಗಳ ಮೇಲೆ ನಿಲ್ಲುವಂತೆ ಮಾಡಿದೆ. ಮೊದಲ ಸಲ 60 ಸಾಕೆಂದುಕೊಂಡಿದ್ದೆ. ಅಡುಗೆ ಮತ್ತು ಹೊಲದ ಕ್ರಿಯೆಗಳೆಲ್ಲ ‘ಬೇರ್ಪಡಿಸು’ ಎಂಬ ಒಂದೇ ರಾಶಿಯಲ್ಲಿ ಬಿದ್ದವು. ಧಾರವಾಡದಲ್ಲಿರುವ ಅವ್ವನಿಗೆ ಫೋನು ಮಾಡಿ, ಕೇರುವುದಕ್ಕೂ ತೂರುವುದಕ್ಕೂ ಏನು ವ್ಯತ್ಯಾಸವೆಂದು ಕೇಳಿದಾಗ, “ಮೊರ ಇದ್ರ ಕೇರೂದು, ಗಾಳಿ ಇದ್ರ ತೂರೂದು, ಇಷ್ಟೂ ತಿಳೀದೇನು?” ಎಂದಳು. ಆ ಒಂದು ಮಾತಿನಿಂದ ನನ್ನ ಪಟ್ಟಿಯಲ್ಲಿ ಸಾಧನಕ್ಕೂ ಆಶ್ರಯಕ್ಕೂ ಬೇರೆ ಬೇರೆ ಕಾಲಮುಗಳು ಬಂದವು.

ಅಲ್ಲಿಂದ ನೇರವಾಗಿ ‘ಇಂದ’ದ ಸಮಸ್ಯೆಗೆ ಬಂದೆ. ‘ಕೇರು: ಧಾನ್ಯವನ್ನು ಮೊರದಿಂದ ಹಾರಿಸಿ ಹೊಟ್ಟನ್ನು ಬೇರ್ಪಡಿಸು’, ‘ತೂರು: ಗಾಳಿಗೆ ಸುರಿದು ಕಾಳಿನಿಂದ ಹೊಟ್ಟನ್ನು ಬೇರ್ಪಡಿಸು’. ಎರಡರಲ್ಲೂ ‘ಇಂದ’ ಇದೆ, ಹೀಗಾಗಿ ಯಂತ್ರವು ಕಾಳನ್ನೂ ಮೊರದಂತೆ ಒಂದು ಸಾಧನವೆಂದು ತಿಳಿಯಿತು. ಶಾಲೆಯ ವ್ಯಾಕರಣದಲ್ಲಿ ಪಂಚಮಿಗೆ ‘ದೆಸೆಯಿಂದ’ ಎಂದು ಕಲಿತಿದ್ದೇವೆ, ಕೇಶಿರಾಜನು ‘ಅತ್ತಣಿಂ’ ಎಂದಿದ್ದಾನೆ; ಆದರೆ ಹೊಸಗನ್ನಡದ ನಿಘಂಟಿನಲ್ಲಿ ‘ಕಾಳಿನ ದೆಸೆಯಿಂದ’ ಎಂದು ಯಾರೂ ಬರೆಯುವುದಿಲ್ಲ. ಆರು ತಿಂಗಳು ನಿಯಮಗಳನ್ನು ಬರೆದು ಬರೆದು ಅಳಿಸಿದೆ.

ಉತ್ತರ ಸಿಕ್ಕಿದ್ದು ಪುಣೆಯಲ್ಲಿದ್ದ ಕಾರಣದಿಂದಲೇ. ಪಕ್ಕದ ಮನೆಯ ನಿವೃತ್ತ ಶಿಕ್ಷಕಿಯೊಬ್ಬರನ್ನು ನಾವು ಕಾಕೂ ಎನ್ನುತ್ತೇವೆ. ಅವರಿಗೆ ಈ ಎರಡು ಅರ್ಥಗಳನ್ನು ಮರಾಠಿಯಲ್ಲಿ ವಿವರಿಸುತ್ತಿದ್ದಾಗ, ನನ್ನ ಬಾಯಿಯಲ್ಲಿಯೇ ‘ಮೊರದಿಂದ’ ಎಂಬುದು ‘ಸುಪಾನೇ’ ಎಂದೂ ‘ಕಾಳಿನಿಂದ’ ಎಂಬುದು ‘ದಾಣ್ಯಾಂಪಾಸೂನ್’ ಎಂದೂ ಬಂತು. ಅವರಲ್ಲಿಯೂ ಕೇರುವುದಕ್ಕೆ ‘ಪಾಖಡಣೇ’, ತೂರುವುದಕ್ಕೆ ‘ಉಫಣಣೇ’ ಎಂದು ಎರಡು ಪದಗಳಿವೆ. ಮರಾಠಿಯು ‘ನೇ’ ಪ್ರತ್ಯಯದಿಂದ ಸಾಧನವನ್ನೂ ‘ಊನ್’, ‘ಹೂನ್’, ‘ಪಾಸೂನ್’ಗಳಿಂದ ಅಗಲುವ ಮೂಲವನ್ನೂ ಬೇರೆಯಾಗಿ ತೋರಿಸುತ್ತದೆ. ಕಾಕೂ ಮೂರು ತಿಂಗಳ ಮಧ್ಯಾಹ್ನಗಳಲ್ಲಿ, ‘ಇಂದ’ ಇರುವ ಸುಮಾರು 300 ವಿವರಣೆಗಳನ್ನು ನನ್ನಿಂದ ಕೇಳಿ ಮರಾಠಿಯಲ್ಲಿ ಬರೆದುಕೊಟ್ಟರು, ಹಣ ಮುಟ್ಟಲಿಲ್ಲ. ಆ ಮರಾಠಿ ಪ್ರತ್ಯಯವನ್ನೇ ಗುರುತಾಗಿಟ್ಟು ಕಲಿಸಿದ ಮೇಲೆ, ಹೊಸ ವಿವರಣೆಗಳಲ್ಲಿ ಹತ್ತಕ್ಕೆ ಒಂಬತ್ತು ಬಾರಿ ‘ಇಂದ’ದ ಅರ್ಥವನ್ನು ಮಾದರಿ ಸರಿಯಾಗಿ ಹೇಳತೊಡಗಿತು. ಎರಡೂ ಭಾಷೆ ತಿಳಿದ ಗಡಿಭಾಗದ ನಮ್ಮವರಿಗೆ ಇದಕ್ಕಿಂತ ಅಗ್ಗದ ಉಪಾಯ ಸಿಗುವುದಿಲ್ಲ.

ನಡುವೆ ‘-ಇಸು’ ತೆಗೆದು ನೋಡುವ ಒಂದು ಪ್ರಯೋಗವನ್ನೂ ಮಾಡಿದೆ. ‘ಓದಿಸು’ವಿನಿಂದ ‘ಓದು’ ಸಿಗುತ್ತದೆ, ಪ್ರೇರಣಾರ್ಥ ತಾನಾಗಿ ತಿಳಿಯುತ್ತದೆ. ಆದರೆ ‘ಪೂಜಿಸು’, ‘ಪ್ರಯಾಣಿಸು’ಗಳಲ್ಲಿ ಪ್ರೇರಣೆಯೇ ಇಲ್ಲ. ಸಂಸ್ಕೃತ ಮೂಲದವುಗಳನ್ನು ಪಟ್ಟಿ ಮಾಡಿ ಹೊರಗಿಟ್ಟ ಮೇಲೆ ಸ್ವಲ್ಪ ಲಾಭವಾಯಿತು, ಹೆಚ್ಚೇನೂ ಅಲ್ಲ.

ನೆನಪಿನಿಂದ ಹೇಳುವುದಾದರೆ, ಪರೀಕ್ಷೆಗೆಂದು ಬದಿಗಿಟ್ಟಿದ್ದ ಸುಮಾರು 400 ವಿವರಣೆಗಳಲ್ಲಿ ಸರಿಯಾದ ಕ್ರಿಯಾಪದ ಮೊದಲ ಹತ್ತರೊಳಗೆ ಬರುತ್ತಿದ್ದದ್ದು ಆರಂಭದಲ್ಲಿ ಐದಕ್ಕೆ ಒಂದು. ಕೊನೆಯಿಂದ ಓದಿಸಿದ ಮೇಲೆ ಅರ್ಧ. ‘ಇಂದ’ ಬಿಡಿಸಿದ ಮೇಲೆ ನಾಲ್ಕಕ್ಕೆ ಮೂರು. ಒಟ್ಟು ಖರ್ಚು 40 ಸಾವಿರ ರೂಪಾಯಿ ದಾಟಿಲ್ಲ. ಕೈಗೆ ಸಿಗದೆ ಉಳಿದಿರುವುದು ‘ಹೊಡೆ’. ಗೊರಕೆ ಹೊಡೆಯುವುದು, ಹರಟೆ ಹೊಡೆಯುವುದು, ಬಣ್ಣ ಹೊಡೆಯುವುದು, ಗಾಡಿ ಹೊಡೆಯುವುದು, ಕಣ್ಣು ಹೊಡೆಯುವುದು ಇವುಗಳಲ್ಲಿ ಯಾವುದರಲ್ಲಿಯೂ ಪೆಟ್ಟಿಲ್ಲ, ಆದರೂ ಪ್ರತಿಯೊಂದರಲ್ಲೂ ಕೋಲು ಎಲ್ಲಿದೆ ಎಂದು ನನ್ನ ಮಾದರಿ ಹುಡುಕುತ್ತಿದೆ. ಈಗ ‘ಹೊಡೆ’ಯ ಹಿಂದೆ ಬರುವ ನಾಮಪದಗಳನ್ನು ಒಂದೊಂದಾಗಿ ಕಾರ್ಡಿನಲ್ಲಿ ಬರೆದಿಡುತ್ತಿದ್ದೇನೆ. ನಿನ್ನೆಯವರೆಗೆ 70 ಆಗಿವೆ.